ಕೃಷ್ಣನ ಬಾಯಲ್ಲಿ ಶೆಟ್ರ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ, ಮಂಗನಾಟ ನನ್ನದೇ. ಬೆಸುಗೆಯ ರಾಳ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಬಲಗಿವಿ ಬಿಸಿಯಾಗುತ್ತದೆ.

ಪಾಣೆಮಂಗಳೂರಿನ ನಮ್ಮ ಚಾವಡಿಯಲ್ಲಿ ಅಕ್ಕ ಕಾಲೇಜಿನ ಪ್ರದರ್ಶನಕ್ಕೆಂದು ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟಿದ್ದಳು. "ಏನಾದರೂ ಮಾತಾಡು ಮಾರಾಯ" ಎಂದು ಮೈಕ್ ಕೊಟ್ಟಳು. ನಾನು ಎದುರುಮನೆಯ ಶೆಟ್ರ ಹಾಗೆ ಕೆಮ್ಮಿದೆ, ಗೊಣಗಿದೆ. ಅದು ಹೋಗಿ ಅವರದೇ ರೇಡಿಯೋದಲ್ಲಿ ಬರುತ್ತಿದ್ದ ತಾಳಮದ್ದಳೆಯಲ್ಲಿ, ಕೃಷ್ಣನ ಪಾತ್ರಧಾರಿ ಮಾತಾಡುವಾಗಲೇ ಕೇಳಿಸಿತು.

ಶೆಟ್ರು ಎಂಜಲು ಕೈಯಲ್ಲೇ ಬಂದು ನನ್ನ ಕಿವಿ ಹಿಂಡಿದರು. "ಈ ಪೆಟ್ಟಿಗೆಯನ್ನು ಈಗಲೇ ಹೊಳೆಗೆ ಬಿಸಾಡ್ತೇನೆ!"

ಅಕ್ಕ ತಲೆ ಎತ್ತಲಿಲ್ಲ. "ನಾಳೆಯೇ ಪ್ರದರ್ಶನ ಉಂಟು ಶೆಟ್ರೇ. ನಿಮ್ಮ ಸ್ಟೇಷನ್ ಬಿಟ್ಟು ಸ್ವಲ್ಪ ಆಚೆ ಸರೀತೇನೆ. ಮನೆಗೆ ಹೋಗಿ ಕೇಳಿ ನೋಡಿ."

ತಾಮ್ರದ ಸುರುಳಿಯಿಂದ ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆದಳು, ನನ್ನನ್ನು ಕೆಮ್ಮಿಸಿದಳು.

"ಕೃಷ್ಣ ಇನ್ನೂ ಕೆಮ್ತಾನೆ!" ಎಂದು ಶೆಟ್ರು ತಮ್ಮ ಮನೆಯ ಕಿಟಕಿಯಿಂದ ಕೂಗಿದರು.

ಅಕ್ಕ ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ಇನ್ನೊಂದು ಸುತ್ತು ಬಿಚ್ಚಿದಳು. ನಾನು ಗಂಟಲು ಹರಿಯುವ ಹಾಗೆ ಕೆಮ್ಮಿದೆ.

"ಕೃಷ್ಣ ಸರಿಯಾದ. ಆದರೆ ನಾನೆಲ್ಲಿ ಹೋದೆ?" ಎಂದರು ಶೆಟ್ರು.

ಅಕ್ಕ ಕೂಗಿ ಹೇಳಿದಳು, "ರೇಡಿಯೋದ ಮುಳ್ಳನ್ನು ಚೂರು ಬಲಕ್ಕೆ ಸರಿಸಿ ಶೆಟ್ರೇ, ಅಲ್ಲೇ ಕೆಮ್ತಾ ಇದ್ದೀರಿ."