ಹಾಲುಹಲ್ಲಿನ ಬ್ಯಾಂಕು

ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಮೊಮ್ಮಗನ ಮೊದಲು ಬಿದ್ದ ಹಾಲುಹಲ್ಲನ್ನು ಪುಟ್ಟತಾಯಮ್ಮ ಮುಷ್ಟಿಯಲ್ಲಿ ಬಿಗಿಹಿಡಿದು ಕುಳಿತಿದ್ದರು. ಮನೆಯ ಹಂಚಿನ ಮೇಲೆ ಎಸೆಯದಿದ್ದರೆ ಹೊಸ ಹಲ್ಲು ಸೊಟ್ಟಗೆ ಬರುತ್ತದೆಂದು ಅವರ ಭಯ. ಸೊಸೆಗೋ ಅದನ್ನು ಈ ದಂತವೈದ್ಯರ ಹಲ್ಲಿನ ಬ್ಯಾಂಕಿನಲ್ಲಿ ಇಡಿಸಲೇಬೇಕೆಂಬ ಹಟ.

"ಇದರೊಳಗೆ ಸ್ಟೆಮ್ ಸೆಲ್ ಇರುತ್ತೆ ಅಜ್ಜಿ. ಮುಂದೆ ಇದರಿಂದ ಹೊಸ ಹಲ್ಲು, ದವಡೆ ಎಲ್ಲಾ ಬೆಳೆಸಬಹುದು. ಹಂಚು ಗಿಂಚು ಅಂತ ಇನ್ನೂ ಮೂಢನಂಬಿಕೇನಾ?" ಎಂದು ಡಾಕ್ಟರು ನಕ್ಕರು.

"ಕೊಡಿ ಅತ್ತೆ, ಮಾನ ಕಳೀಬೇಡಿ," ಎಂದಳು ಸೊಸೆ.

ಪುಟ್ಟತಾಯಮ್ಮ ಸೋತು ಮುಷ್ಟಿ ಬಿಚ್ಚಿದರು. ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಡಾಕ್ಟರ ಮಗಳಿಗೂ ಮುಂದಿನ ಹಲ್ಲಿರಲಿಲ್ಲ.

"ನಿನ್ನ ಹಲ್ಲನ್ನೂ ಇಲ್ಲೇ ಮಡಗವ್ರಾ ಮಗಾ?"

"ಇಲ್ಲಜ್ಜಿ. ನಮ್ಮದು ತಾರಸಿ ಮನೆ ಅಲ್ವಾ? ಅದಕ್ಕೆ ಅಪ್ಪ ಕಾರಲ್ಲಿ ಊರಿಗೆ ಕರ್ಕೊಂಡೋಗಿ, ಅಲ್ಲಿ ಹಂಚಿನ ಮೇಲೆ ಎಸೆಸಿದ್ರು."