ಬೋಣಿಯ ಬೀಗ

ಹೊಸ ರಸ್ತೆ ಊರಾಚೆ ಹಾದುಹೋದ ಮೇಲೆ ಹಳೇ ಪೇಟೆಯ ಓಣಿಯಲ್ಲಿ ಅಂಗಡಿಗಳು ಒಂದೊಂದಾಗಿ ಮುಚ್ಚಿಹೋಗಿ, ಉಳಿದಿದ್ದವು ಎರಡೇ: ಚನ್ನಮಲ್ಲಪ್ಪನ ಬೀಗದ ಅಂಗಡಿ, ಎದುರಿಗೆ ಖಾಜಾಬಿಯ ಬಳೆ ಅಂಗಡಿ.

ದಿನದ ಬೋಣಿಯಾಗದೆ ಅಂಗಡಿಯಲ್ಲಿ ದೀಪ ಹಚ್ಚಬಾರದೆಂಬುದು ಆ ಓಣಿಯ ರೂಢಿ. ಹೊತ್ತು ಮುಳುಗಿದರೂ ಚನ್ನಮಲ್ಲಪ್ಪ ಕತ್ತಲಲ್ಲೇ ಕೂತಿದ್ದ. ಇವತ್ತೂ ಬೋಣಿಯಾಗದಿದ್ದರೆ ನಾಳೆ ಕದ ತೆಗೆಯುವಷ್ಟು ಎದೆ ಅವನಿಗಿರಲಿಲ್ಲ. "ಶಿವನ, ಒಬ್ಬರನ್ನರ ಕಳಸು" ಎಂದು ಬೇಡಿ ಬೇಡಿ ಬಾಯಿ ಒಣಗಿತ್ತು.

ಆಗ ಖಾಜಾಬಿ ಮೆಟ್ಟಿಲೇರಿ ಬಂದಳು.

"ದೀಪ ಹಚ್ಚಣ್ಣಾ. ನಂದ ಬೋಣಿ. ದೊಡ್ಡದೊಂದು ಬೀಗ ಕೊಡು."

ಅವನು ಕಡ್ಡಿ ಗೀರಿ ದೀಪ ಹಚ್ಚಿದ.

"ಮನೀಗೇನವ್ವಾ?"

"ಅಂಗಡಿಗಣ್ಣಾ."

"ದೊಡ್ಡ ಬೀಗ ಬೇಕಾತು ಅಂದ್ರ ನಿನಗರ ವ್ಯಾಪಾರ ಕುದುರೇತಿ ಅನ್ನು. ಇನ್ನ ನಮ್ಮ ಓಣಿ ಉಳೀತೈತಿ ಬಿಡು."

ಇದ್ದುದರಲ್ಲೇ ಗಟ್ಟಿಯಾದ ಬೀಗವನ್ನು ಅವನು ಹೆಗಲ ವಸ್ತ್ರದಿಂದ ಒರೆಸಿ, ಹಾಕಿ ತೆಗೆದು ತೋರಿಸಿ, ಕೀಲಿಕೈಗಳ ಸಮೇತ ಅವಳ ಕೈಗಿಟ್ಟ.

ಖಾಜಾಬಿ ಕೀಲಿಕೈಗಳನ್ನು ಬಿಡಿಸಿ ದೀಪದ ಪಕ್ಕದಲ್ಲಿಟ್ಟಳು.

"ಇವು ನನಗ ಬ್ಯಾಡಣ್ಣಾ. ಬೀಗ ಒಂದ ಸಾಕು."