ದಕ್ಷಿಣಕ್ಕೆ ಮುಖ ಮಾಡದ ಬುಲೆಟ್ಟು

"ಕಾಲು ಮ್ಯಾಲ ತಗೋ ಮಾಯಾ, ನಿನ್ನ ಈಗ ಪೂರ್ವಕ್ಕ ತಿರುಗಸ್ತೀನಿ," ಎಂದ ವೈಜಿನಾಥ.

ರೇಷ್ಮೆ ಸೀರೆ ಉಟ್ಟು, ಸರ್ಟಿಫಿಕೇಟುಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಅವನ ಹೆಂಡತಿ ಬುಲೆಟ್ಟಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಬುಲೆಟ್ಟು ಗ್ಯಾರೇಜಿನೊಳಗೆ, ನಾಲ್ಕು ಗಾಲಿಗಳ ಕಬ್ಬಿಣದ ಹಲಗೆಯ ಮೇಲೆ ನಿಂತಿತ್ತು. ವೈಜಿನಾಥ ಕಿರುಬೆರಳಿನಿಂದ ತಳ್ಳಿದ. ಗಾಡಿ, ಹೆಂಡತಿ, ಡಿಗ್ರಿ ಎಲ್ಲವೂ ಸರ್ರನೆ ತಿರುಗಿ ಪೂರ್ವದ ಗೋಡೆಯನ್ನು ನೋಡತೊಡಗಿದವು.

ಇಂಥ ಹಲಗೆ ನ್ಯಾಲ್ಕಲ್‌ನಲ್ಲಿರಲಿ, ದಿಲ್ಲಿಯ ತನಕ ಹುಡುಕಿದರೂ ಇನ್ನೊಂದಿಲ್ಲ. ಗಾಡಿ ದಿನಕ್ಕೊಂದು ಶುಭ ದಿಕ್ಕನ್ನು ನೋಡಲಿ ಎಂದೇ ಈ ಮಹಾನುಭಾವ ಆನ್‌ಲೈನಿನಲ್ಲಿ ತರಿಸಿದ್ದ. ಬುಲೆಟ್ಟು ಕೊಂಡು ಏಳು ತಿಂಗಳಾದರೂ ಮೀಟರು ನಲವತ್ತು ಕಿಲೋಮೀಟರು ದಾಟಿರಲಿಲ್ಲ. ಗ್ಯಾರೇಜಿನೊಳಗೆ ಮಾತ್ರ ಅದು ಭೂಮಂಡಲಕ್ಕೆ ಮೂರು ಪ್ರದಕ್ಷಿಣೆ ಹಾಕಿ ಮುಗಿಸಿತ್ತು.

ಅಂದು ಗುರುವಾರ. ಗುರುವಾರ ದಕ್ಷಿಣಕ್ಕೆ ದಿಕ್ಕುಶೂಲ, ಆ ಕಡೆ ಪ್ರಯಾಣ ಕೂಡದು. ಜಹೀರಾಬಾದು ಇರುವುದು ದಕ್ಷಿಣಕ್ಕೇ. ಅಲ್ಲಿಯ ಶಾಲೆಯೊಂದರಲ್ಲಿ ಮಾಯಾಳಿಗೆ ಟೀಚರ್ ಕೆಲಸ ಸಿಕ್ಕಿತ್ತು. ಹತ್ತರೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿದ್ದ ಮುಂದಿನವಳನ್ನು ಕರೆಯುತ್ತೇವೆ ಎಂದಿದ್ದರು. ಆಗಲೇ ಒಂಬತ್ತು ಹೊಡೆದಿತ್ತು.

"ಶೂಲದ ಪರಿಹಾರಕ್ಕಂತ ಮೊಸರು ತಿಂದೀನಲ್ರಿ? ಜಲ್ದಿ ನಡೀರಿ."

"ನೀ ತಿಂದಿ. ಗಾಡಿ ಎಲ್ಲಿ ತಿಂದದ?"

ವೈಜಿನಾಥ ಅಡುಗೆಮನೆಗೆ ಓಡಿ, ಬಟ್ಟಲು ತುಂಬ ಮೊಸರು ತಂದು ಹೆಡ್‌ಲೈಟಿಗೆ ಬಳಿದ. ಊರಿನ ಎಮ್ಮೆಗಳಿಗೆ ಗೊತ್ತಾಗಿದ್ದರೆ ಅಂದೇ ಹಾಲು ಕೊಡುವುದನ್ನು ಬಿಡುತ್ತಿದ್ದವು.

"ಇನ್ನ ಪೂರ್ವಕ್ಕ ಹತ್ತು ನಿಮಿಷ, ಪಶ್ಚಿಮಕ್ಕ ಮುಕ್ಕಾಲು ತಾಸು, ಉತ್ತರಕ್ಕ ಅರ್ಧ. ಆಮ್ಯಾಲ ದಕ್ಷಿಣಕ್ಕ ಹೋದ್ರ ಏನೂ ಆಗಂಗಿಲ್ಲಂತ ಪಂಚಾಂಗ ನೋಡೋ ನಮ್ಮ ತಾಂಡೂರ ಮಾಮಾ ಫೋನಿನ್ಯಾಗ ಹೇಳ್ಯಾರ."

"ಅಷ್ಟೊತ್ತಿಗೆ ಹತ್ತೂವರೆ ಆತು! ನೌಕರಿ ಹೋಗ್ತದರೀ!"

"ಹೋದ್ರ ಇನ್ನೊಂದು ಬರ್ತದ. ನೀ ಇದರ ಮಜಾ ನೋಡು, ಬೆರಳು ಹತ್ತಿದ್ರ ಸಾಕು, ಬೆಣ್ಣಿ ತಿರುಗಿದಂಗ ತಿರುಗ್ತದ."

"ಬೀಸೋ ಕಲ್ಲು ಇದಕ್ಕಿಂತ ಛಲೋ ಅದ ಬಿಡ್ರಿ. ತಿರುಗಿದ್ರ ಹಿಟ್ಟರ ಬೀಳ್ತದ," ಎಂದವಳೇ ಮಾಯಾ ಸೀಟಿನಿಂದ ಧುಮುಕಿ, ಚೀಲ ಬಗಲಿಗೇರಿಸಿ ರಸ್ತೆಗೆ ಓಡಿದಳು.

ಜಹೀರಾಬಾದಿಗೆ ಹೊರಟ ಪೋಚಪ್ಪನ ಆಟೋ ಬರುತ್ತಿತ್ತು. ಅದರಲ್ಲಿ ಆಗಲೇ ಹತ್ತೊಂಬತ್ತು ಜನ, ಎರಡು ಕೋಳಿ. ಹೆಂಡತಿ ಕೈ ಅಡ್ಡ ಹಾಕಿದ್ದು ಕಂಡು ವೈಜಿನಾಥ ಗ್ಯಾರೇಜಿನಿಂದಲೇ ಕೂಗಿದ:

"ಏ ಪೋಚಪ್ಪ! ನಿನ್ನ ಆಟೋಕ್ಕ ಶೂಲ ಇಲ್ಲೇನೋ?"

"ಹತ್ತೊಂಬತ್ತು ಮಂದಿ ಕುಂತಾರ್ರಿ ಸಾಹೇಬ್ರ," ಪೋಚಪ್ಪ ತಲೆ ಹೊರಗೆ ಹಾಕಿದ, "ಒಬ್ಬೊಬ್ರ ಮಾರಿ ಒಂದೊಂದು ಕಡಿ ಅದ. ಶೂಲರ ಪಾಪ, ಯಾರಿಗಂತ ಹುಡುಕ್ತದರಿ? ಬರ್ರಿ ಅಕ್ಕೋರ, ಹತ್ತಕ್ಕ ಮೊದಲ ಮುಟ್ಟಸ್ತೀನಿ."

ಜಾಗ ಉಳಿದಿದ್ದದ್ದು ಹಿಂಭಾಗದಲ್ಲಿ, ಸಾಮಾನು ಇಡುವ ಕಡೆ ಮಾತ್ರ. ಮಾಯಾ ಹತ್ತಿ ಕಾಲು ಇಳಿಬಿಟ್ಟು ಕುಳಿತಳು. ಆಟೋ ಧೂಳೆಬ್ಬಿಸಿಕೊಂಡು ದಕ್ಷಿಣಕ್ಕೆ ಹಾರಿತು. ಉತ್ತರಕ್ಕೆ ಮುಖ ಮಾಡಿ ಕುಳಿತವಳ ಕಣ್ಣೆದುರು ಮನೆ ಬೆಂಕಿಪೊಟ್ಟಣದಷ್ಟಾಯಿತು, ಗಂಡ ಇರುವೆಯಷ್ಟಾದ. ಇರುವೆ ವಾಚು ನೋಡಿಕೊಂಡು, ಖಾಲಿ ಸೀಟಿನ ಗಾಡಿಯನ್ನು ಬಹಳ ಜೋಪಾನವಾಗಿ ಪಶ್ಚಿಮಕ್ಕೆ ತಿರುಗಿಸುತ್ತಿತ್ತು.